ಮನೆಯೊಳಗೊಂದು ಪುಟ್ಟ ಬಾನುಲಿ

ಕೇಳುಗರೇ, ನಮಸ್ಕಾರ.

ನಮ್ಮ ಮನೆ ಇರುವುದು ಮೂಡಿಗೆರೆ ಕಡೆ, ಕಾಫಿ ತೋಟದ ನಡುವೆ. ಅಜ್ಜನ ಕಾಲದ ಹಂಚಿನ ಮನೆ, ಒಂದೂವರೆ ಅಡಿ ದಪ್ಪದ ಮಣ್ಣಿನ ಗೋಡೆ. ಎರಡು ವರ್ಷದ ಹಿಂದೆ ಫೈಬರ್ ಕೇಬಲ್ಲಿನ ಇಂಟರ್ನೆಟ್ ಬಂತು. ಹಾಕಲು ಬಂದ ಹುಡುಗ ಕೇಬಲ್ ಎಲ್ಲಿ ಒಳಗೆ ನುಗ್ಗಿತೋ ಅಲ್ಲೇ, ಮೂಲೆ ಕೋಣೆಯ ಕಬ್ಬಿಣದ ಬೀರುವಿನ ಹಿಂದೆ ರೂಟರ್, ಅಂದರೆ ವೈಫೈ ಕೊಡುವ ಡಬ್ಬ, ಸಿಕ್ಕಿಸಿ ಹೋದ. ಆ ಕೋಣೆಯಲ್ಲಿ ಕೂತರೆ ಸಿನಿಮಾ ನೋಡಬಹುದು. ಅಡುಗೆಮನೆಗೆ ಬಂದರೆ ವಾಟ್ಸ್‌ಆಪ್‌ನಲ್ಲಿ ಒಂದು ಫೋಟೊ ಕೂಡ ತೆರೆಯುವುದಿಲ್ಲ. “ದಂಡಕ್ಕೆ ದುಡ್ಡು ಕಟ್ತಾ ಇದೀಯ, ಈ ಇಂಟರ್ನೆಟ್ ತೆಗೆಸಿಬಿಡು” ಅಂತ ಅಮ್ಮನದು ದಿನಾ ಒಂದೇ ಮಾತು. ಇಂಟರ್ನೆಟ್ ಚೆನ್ನಾಗಿಯೇ ಇತ್ತು. ಅಡ್ಡ ನಿಂತಿದ್ದು ಬೀರು.

ಇಂಟರ್ನೆಟ್ ಬೇರೆ, ವೈಫೈ ಬೇರೆ. ಇಂಟರ್ನೆಟ್ ಎಲ್ಲಿಂದಲೋ ಕೇಬಲ್ ಹಿಡಿದು ನಿಮ್ಮ ಮನೆತನಕ ಬರುತ್ತದೆ. ರೂಟರಿನಿಂದ ನಿಮ್ಮ ಕೈಯ ಫೋನಿನವರೆಗಿನ ನಾಲ್ಕು ಹೆಜ್ಜೆ ಇದೆಯಲ್ಲ, ಅಷ್ಟು ಮಾತ್ರ ವೈಫೈ. ಒಂದು ಮನೆ, ಒಂದು ಕಚೇರಿಯೊಳಗಿನ ಯಂತ್ರಗಳು ವೈರಿಲ್ಲದೆ ಒಂದಕ್ಕೊಂದು ಮಾತಾಡಿಕೊಳ್ಳುವ ಏರ್ಪಾಡು. ಇದನ್ನೇ ವೈರ್‌ಲೆಸ್ ಲ್ಯಾನ್ ಅನ್ನುತ್ತಾರೆ.

ಇದರಲ್ಲಿ ಮಾಯೆ ಏನೂ ಇಲ್ಲ. ನನ್ನ ಮಾತು ಈಗ ನಿಮ್ಮ ರೇಡಿಯೊಗೆ ಬರುತ್ತಿರುವುದೂ ವೈರಿಲ್ಲದೇ ಅಲ್ವಾ? ರೂಟರ್ ಕೂಡ ಒಂದು ಪುಟ್ಟ ಬಾನುಲಿ ಕೇಂದ್ರ. ಬಾನುಲಿ ಕೇಂದ್ರದ ಶಕ್ತಿ ಕಿಲೋವಾಟ್ ಲೆಕ್ಕದ್ದು. ರೂಟರಿನದು ಸಾಮಾನ್ಯವಾಗಿ ಒಂದು ವಾಟಿನ ಹತ್ತನೇ ಒಂದು ಭಾಗದ ಆಸುಪಾಸು. ಇನ್ನೊಂದು ವ್ಯತ್ಯಾಸವಿದೆ. ಇಲ್ಲಿ ನಾನು ಹೇಳುತ್ತೇನೆ, ನೀವು ಕೇಳುತ್ತೀರಿ, ಅಷ್ಟೇ. ರೂಟರ್ ಹೇಳುತ್ತದೆ, ಕೇಳಿಸಿಕೊಳ್ಳಲೂ ಬೇಕು.

ಒಂದೇ ಮನೆಯಲ್ಲಿ ಐದಾರು ಫೋನು, ಒಂದು ಟಿವಿ ಇದ್ದರೆ ಎಲ್ಲವೂ ಒಟ್ಟಿಗೆ ಬಾಯಿ ಹಾಕಿದರೆ ಗತಿ? ಅದಕ್ಕೇ ಪ್ರತಿಯೊಂದೂ ಮೊದಲು ಕಿವಿಗೊಟ್ಟು ಕೇಳುತ್ತದೆ. ಯಾರೂ ಮಾತಾಡುತ್ತಿಲ್ಲ ಅಂದರೆ ತಾನು ಶುರು ಮಾಡುತ್ತದೆ. ಇಬ್ಬರ ಮಾತು ಡಿಕ್ಕಿ ಹೊಡೆದರೆ ಇಬ್ಬರೂ ಸುಮ್ಮನಾಗಿ, ಒಬ್ಬೊಬ್ಬರು ಒಂದೊಂದು ಹೊತ್ತು ಕಾದು, ಮತ್ತೆ ಹೇಳುತ್ತಾರೆ. ಇದೆಲ್ಲ ಕಣ್ಣು ಮಿಟುಕಿಸುವುದರೊಳಗೆ ಎಷ್ಟೋ ಸಲ ನಡೆದುಹೋಗುತ್ತದೆ. ನಮ್ಮ ಸಭೆಗಳಲ್ಲಿ ಇಷ್ಟು ಶಿಸ್ತು ನಾನಂತೂ ಕಂಡಿಲ್ಲ.

ಡಿಕ್ಕಿಯಾದರೆ ಕಾದು ಮತ್ತೆ ಕಳಿಸುವ ಈ ಉಪಾಯದ ಬೇರು ಹವಾಯಿ ದ್ವೀಪಗಳಲ್ಲಿದೆ. ಅಲ್ಲಿನ ವಿಶ್ವವಿದ್ಯಾಲಯದ ನಾರ್ಮನ್ ಅಬ್ರಾಮ್ಸನ್ ಮತ್ತು ಜೊತೆಗಾರರು 1971ರಲ್ಲಿ ದ್ವೀಪದಿಂದ ದ್ವೀಪಕ್ಕೆ ರೇಡಿಯೊ ಮೂಲಕ ಕಂಪ್ಯೂಟರ್ ಜೋಡಿಸಿದರು. ಅವರಿಗೆ ನಡುವೆ ಸಮುದ್ರ, ನಮಗೆ ಗುಡ್ಡ. ವೈಫೈನ ಮೊದಲ ನಿಯಮಾವಳಿ ಬಂದದ್ದು 1997ರಲ್ಲಿ. ಆಗ ವೇಗ ಸೆಕೆಂಡಿಗೆ 2 ಮೆಗಾಬಿಟ್. ವೈಫೈ ಅನ್ನುವ ಹೆಸರು 1999ರದು. ಹಿಂದೆ ರೇಡಿಯೊ ಇಟ್ಟುಕೊಳ್ಳಲೂ ಅಂಚೆ ಕಚೇರಿಯಲ್ಲಿ ಲೈಸೆನ್ಸ್ ಮಾಡಿಸಬೇಕಿತ್ತು, ಹಿರಿಯರಿಗೆ ನೆನಪಿರಬಹುದು. ಆದರೆ ಮನೆಯ ವೈಫೈಗೆ ಲೈಸೆನ್ಸ್ ಬೇಡ. ಅದು ಬಳಸುವ 2.4 ಗಿಗಾಹರ್ಟ್ಸ್ ಅನ್ನುವ ರೇಡಿಯೊ ಅಲೆಗಳ ಪಟ್ಟಿಯನ್ನು ನಮ್ಮ ದೇಶದಲ್ಲಿ 2005ರಲ್ಲೇ ಲೈಸೆನ್ಸಿನಿಂದ ಬಿಡಿಸಿದ್ದಾರೆ.

ಈಗ ಬೀರುವಿನ ಕಥೆಗೆ ಬರೋಣ. ಎಫ್‌ಎಂ ಅಲೆಯ ಉದ್ದ ಸುಮಾರು ಮೂರು ಮೀಟರ್. ವೈಫೈ ಅಲೆ ಹನ್ನೆರಡು ಸೆಂಟಿಮೀಟರ್, ಒಂದು ಗೇಣಿಗಿಂತಲೂ ಕಡಿಮೆ. ಕಬ್ಬಿಣದ ತಗಡು ಕಂಡರೆ ಅದು ಬಡಿದು ವಾಪಸ್ ಬರುತ್ತದೆ. ದಪ್ಪ ಮಣ್ಣಿನ ಗೋಡೆ ಅದನ್ನು ಹೀರುತ್ತದೆ. ನೀರು ಇನ್ನೂ ಜಾಸ್ತಿ ಹೀರುತ್ತದೆ. ಬಚ್ಚಲುಮನೆಯ ತುಂಬಿದ ಹಂಡೆಯ ಆಚೆ ಕೂತು ಸಿಗ್ನಲ್ ಇಲ್ಲ ಅಂದರೆ ಅದು ರೂಟರಿನ ತಪ್ಪಲ್ಲ. ನಾನು ಹತ್ತು ಮೀಟರ್ ಕೇಬಲ್ ತಂದು, ರೂಟರನ್ನು ನಡುಮನೆಯ ತೊಲೆಗೆ, ಬಾಗಿಲುಗಳು ಎದುರಾಗುವ ಜಾಗದಲ್ಲಿ ಕಟ್ಟಿದೆ. ಅವತ್ತು ಸಂಜೆಯೇ ಅಮ್ಮ ಒಲೆ ಮುಂದೆ ನಿಂತು ಬೆಂಗಳೂರಿನ ಮೊಮ್ಮಗಳ ಮುಖ ನೋಡಿದರು.

ರೂಟರಿನಲ್ಲಿ ಎರಡು ಹೆಸರು ಕಾಣಿಸಿ, ಒಂದರ ಕೊನೆಗೆ 5ಜಿ ಅಂತಿದ್ದರೆ ಮೊಬೈಲಿನ 5ಜಿ ಬಂತು ಅಂದುಕೊಳ್ಳಬೇಡಿ. ಅದು 5 ಗಿಗಾಹರ್ಟ್ಸ್. ವೇಗ ಜಾಸ್ತಿ, ಗೋಡೆ ದಾಟುವ ತಾಕತ್ತು ಕಡಿಮೆ. ಅದೇ ಕೋಣೆಯಲ್ಲಿ ಇದ್ದರೆ ಅದನ್ನು ಹಿಡಿಯಿರಿ, ದೂರದಲ್ಲಿದ್ದರೆ ಇನ್ನೊಂದನ್ನು.

ಮಲೆನಾಡಿನವರಿಗೆ ವೈಫೈನ ದೊಡ್ಡ ಉಪಯೋಗ, ನನ್ನ ಪ್ರಕಾರ, ವೈಫೈ ಕಾಲಿಂಗ್, ಅಂದರೆ ಟವರಿನ ಬದಲು ಮನೆಯ ವೈಫೈ ಮೂಲಕ ಫೋನ್ ಮಾಡುವುದು. ಟವರ್ ಸಿಗದೆ ಗುಡ್ಡ ಹತ್ತಿ ಫೋನ್ ಮಾಡುವ ಮನೆಗಳು ನಮ್ಮಲ್ಲಿ ಎಷ್ಟಿಲ್ಲ! ಮನೆಗೆ ಫೈಬರ್ ಇದ್ದು, ನಿಮ್ಮ ಫೋನು ಮತ್ತು ಸಿಮ್ ಎರಡಕ್ಕೂ ಆ ಸೌಲಭ್ಯ ಇದ್ದರೆ, ಸೆಟ್ಟಿಂಗ್ಸಿನಲ್ಲಿ ಒಂದು ಗುಂಡಿ ಒತ್ತಿದರೆ ಸಾಕು. ಮಾಮೂಲಿ ನಂಬರಿಗೇ ಕರೆ ಬರುತ್ತದೆ, ಹೋಗುತ್ತದೆ.

ಇಂಟರ್ನೆಟ್ ಇಲ್ಲದೆಯೂ ವೈಫೈ ಕೆಲಸ ಮಾಡುತ್ತದೆ, ಇದು ಎಷ್ಟೋ ಜನಕ್ಕೆ ಗೊತ್ತಿಲ್ಲ. ಕಾಫಿ, ಕಾಳುಮೆಣಸು ಒಣಗಿಸುವ ಕಾಲದಲ್ಲಿ ಕಣಕ್ಕೆ ಕಾವಲು ಬೇಕೇ ಬೇಕು. ನಮ್ಮ ಕಣ ಮನೆಯಿಂದ ಇನ್ನೂರು ಮೀಟರ್ ದೂರ. ಎದುರುಬದುರಾಗಿ ಎರಡು ಪುಟ್ಟ ಆಂಟೆನಾ ಕಟ್ಟಿ ಅಲ್ಲಿಗೊಂದು ಕ್ಯಾಮೆರಾ ಹಾಕಿದ್ದೇವೆ. ಫೈಬರ್ ತುಂಡಾದ ದಿನವೂ ಕಣದ ಚಿತ್ರ ಮನೆಯ ಟಿವಿಗೆ ಬರುತ್ತದೆ. ಒಂದೇ ತೊಂದರೆ, ನಡುವೆ ಒಂದು ಸಿಲ್ವರ್ ಓಕ್ ಬೆಳೆಯುತ್ತಾ ಬಂತು. ಬೇಸಿಗೆಯಲ್ಲಿ ಪರವಾಗಿಲ್ಲ. ಮಳೆಗೆ ಎಲೆ ನೆಂದರೆ ಚಿತ್ರ ನಿಂತು ನಿಂತು ಬರುತ್ತದೆ. ಕೊನೆಗೆ ಕೊಂಬೆ ಸವರಿಸಿದೆ.

ಪಾಸ್‌ವರ್ಡ್ ವಿಷಯ ಎರಡೇ ಮಾತು. ಬೇಲಿ ಇದ್ದರೂ ಅಲೆ ದಾಟುತ್ತದೆ. ಹಾಗಾಗಿ ಡಬ್ಬದ ಮೇಲೆ ಬರೆದು ಬಂದ ಪಾಸ್‌ವರ್ಡನ್ನು ಬದಲಾಯಿಸಿ. ಮನೆಯ ಹೆಸರನ್ನೋ ಫೋನ್ ನಂಬರನ್ನೋ ಇಡಬೇಡಿ. ರೂಟರಿನ ಸೆಟ್ಟಿಂಗ್ಸಿನಲ್ಲಿ ಯಾವ ಬಗೆಯ ಬೀಗ ಅಂತ ಕೇಳುವ ಕಡೆ ಡಬ್ಲ್ಯುಪಿಎ 2 ಅಥವಾ 3 ಅಂತ ಇರುವುದನ್ನೇ ಆರಿಸಿ.

ಮುಂಗಾರು ಹತ್ತಿರ ಬಂತು. ಸಿಡಿಲಿನ ಹೊಡೆತ ಹೆಚ್ಚಾಗಿ ಬರುವುದು ಕರೆಂಟ್ ಲೈನಿನಿಂದ. ನಮ್ಮ ಮೊದಲ ರೂಟರ್ ಸುಟ್ಟಿದ್ದೂ ಹಾಗೆಯೇ, ಮೇ ತಿಂಗಳ ಒಂದು ಸಂಜೆ. ಗುಡುಗು ದೂರದಲ್ಲಿ ಇರುವಾಗಲೇ ಅದರ ಪ್ಲಗ್ ಕಿತ್ತಿಡಿ. ಬ್ಯಾಟರಿ ರೇಡಿಯೊ ಇದ್ದರೆ ಅದೊಂದು ಹಾಡುತ್ತಾ ಇರಲಿ.

ನಮಸ್ಕಾರ.