ಟಾಕೀಸಿನ ಹೊರಗಿನ ಮೆಟ್ಟಿಲು

ಕೇಳುಗರಿಗೆ ನಮಸ್ಕಾರ.

ನಿಮ್ಮೂರಿನ ಹಳೇ ಟಾಕೀಸು ಇನ್ನೂ ನಿಂತಿದ್ದರೆ ಒಮ್ಮೆ ಸುತ್ತು ಹಾಕಿ ನೋಡಿ. ಎಷ್ಟೋ ಕಡೆ ಹೊರಗೋಡೆಗೆ ಅಂಟಿಕೊಂಡು ಒಂದು ಕಿರಿದಾದ ಮೆಟ್ಟಿಲು ಇರುತ್ತದೆ. ಬಾಲ್ಕನಿಗಲ್ಲ, ಸೀದಾ ಪ್ರೊಜೆಕ್ಟರ್ ಕ್ಯಾಬಿನ್ನಿಗೆ. ಒಳಗಿನಿಂದಲೇ ದಾರಿ ಬಿಡಬಹುದಿತ್ತಲ್ವಾ? ಬಿಡಲಿಲ್ಲ. ಬೆಂಕಿಯ ಭಯ.

ಮೊದಲಿನ ಫಿಲಂ ನೈಟ್ರೇಟ್ ಅನ್ನುವ, ಬೇಗ ಬೆಂಕಿ ಹತ್ತುವ ವಸ್ತುವಿನದು. ಹತ್ತಿಕೊಂಡರೆ ನೀರು ಸುರಿದರೂ ಆರುವುದಿಲ್ಲ. 1897ರಲ್ಲಿ ಪ್ಯಾರಿಸ್ಸಿನ ಒಂದು ಮೇಳದಲ್ಲಿ ಪ್ರೊಜೆಕ್ಟರ್ ದೀಪಕ್ಕೆ ಹಾಕುವ ಈಥರ್ ಅನ್ನುವ ಇಂಧನಕ್ಕೆ ಬೆಂಕಿ ಹತ್ತಿ ನೂರಕ್ಕೂ ಹೆಚ್ಚು ಜನ ಸತ್ತರು. ಬ್ರಿಟಿಷರು 1909ರಲ್ಲಿ ತಮ್ಮ ದೇಶಕ್ಕೆ, 1918ರಲ್ಲಿ ನಮಗೆ, ಬೆಂಕಿಯ ಎಚ್ಚರಿಕೆಯೂ ಸೇರಿದ್ದ ಸಿನಿಮಾ ಕಾನೂನು ತಂದರು. ಹಾಗಾಗಿ ನಮ್ಮ ಟೆಂಟುಗಳಲ್ಲೂ ಮೇಲೆ ಬಟ್ಟೆ, ಸುತ್ತ ತಡಿಕೆ ಇದ್ದರೂ ಕ್ಯಾಬಿನ್ ಮಾತ್ರ ತಗಡಿನದೋ ಇಟ್ಟಿಗೆಯದೋ ಆಗಿರುತ್ತಿತ್ತು.

ತಮಾಷೆ ಏನೆಂದರೆ, 1950ರ ದಶಕದಲ್ಲಿ ಸುಲಭಕ್ಕೆ ಉರಿಯದ ಫಿಲಂ ಬಂತು. ನಮ್ಮ ಸಣ್ಣ ಊರುಗಳ ಎಷ್ಟೋ ಟಾಕೀಸು ಕಟ್ಟಿದ್ದೇ ಆಮೇಲೆ. ಆದರೂ ಕ್ಯಾಬಿನ್ನಿನ ಕಟ್ಟುನಿಟ್ಟು ಹಾಗೇ ಉಳಿಯಿತು.

ನಮ್ಮೂರ ಕ್ಯಾಬಿನ್ನಿಗೆ ನಾನು ಹುಡುಗನಾಗಿದ್ದಾಗ ಹತ್ತಿದ್ದೆ. ಒಲೆ ಮುಂದೆ ಕೂತ ಹಾಗೆ ಸೆಕೆ. ಎರಡು ಪ್ರೊಜೆಕ್ಟರು. ಒಂದೊಂದಕ್ಕೂ ಗೋಡೆಯಲ್ಲಿ ಎರಡೆರಡು ಕಿಂಡಿ: ಬೆಳಕಿಗೊಂದು, ಆಪರೇಟರ್ ಇಣುಕುವುದಕ್ಕೊಂದು. ಕಿಂಡಿಗಳ ಮೇಲೆ ತಗಡಿನ ಮುಚ್ಚಳ. ಬೆಂಕಿ ಬಿದ್ದರೆ ದಢಕ್ಕನೆ ಇಳಿಸಬೇಕು. ಪ್ರೊಜೆಕ್ಟರಿನೊಳಗೆ ಬೆಳಕಿಗಾಗಿ ಎರಡು ಕಾರ್ಬನ್ ಕಡ್ಡಿ ಮೂತಿಗೆ ಮೂತಿ ಕೊಟ್ಟು ಉರಿಯುತ್ತಿದ್ದವು. ಆ ಹೊಗೆ ಹೋಗುವುದಕ್ಕೆ ಚಾವಣಿ ಮೇಲೊಂದು ಚಿಮಣಿ. ದೂರದಿಂದ ನೋಡಿದವರು ಹೋಟೆಲ್ ಅಂದುಕೊಂಡರೂ ತಪ್ಪಿಲ್ಲ! ಕಡ್ಡಿ ಸವೆದಂತೆಲ್ಲ ಹತ್ತಿರ ತರುತ್ತಿರಬೇಕು. ಆಪರೇಟರಣ್ಣ ಬೀಡಿ ಸೇದಲು ಆಚೆ ಹೋದರೆ ಪರದೆ ಮಂಕು, ಗಾಂಧಿ ಕ್ಲಾಸಿನಿಂದ ಶಿಳ್ಳೆ.

ಎರಡು ಸಾವಿರ ಅಡಿಯ ರೀಲು ಸುಮಾರು 20 ನಿಮಿಷ ಓಡುತ್ತದೆ. ಮುಗಿಯುವ ಮೊದಲು ಪರದೆಯ ಬಲ ಮೇಲ್ಮೂಲೆಯಲ್ಲಿ ಒಂದು ಚುಕ್ಕೆ ಮಿಂಚುತ್ತದೆ. ಎರಡನೇ ಪ್ರೊಜೆಕ್ಟರ್ ಚಾಲೂ ಮಾಡಬೇಕು. ಏಳೆಂಟು ಸೆಕೆಂಡಿನ ಮೇಲೆ ಇನ್ನೊಂದು ಚುಕ್ಕೆ, ಆಗ ಬದಲಿಸಬೇಕು. ನಾವು ಕೆಳಗೆ ಕೂತು ಹೀರೋನ ಮುಖ ನೋಡುವಾಗ ಆಪರೇಟರಣ್ಣ ನೋಡುತ್ತಿದ್ದದ್ದು ಆ ಮೂಲೆಯನ್ನು.

ಈಗ ಅಲ್ಲಿ ಒಂದೇ ಡಿಜಿಟಲ್ ಪ್ರೊಜೆಕ್ಟರ್. ಮಿಕ್ಕ ಕಿಂಡಿಗೆ ಹಳೇ ಕ್ಯಾಲೆಂಡರಿನ ರಟ್ಟು ತುರುಕಿದ್ದಾರೆ. ಆ ಆಪರೇಟರಣ್ಣ ಮೊನ್ನೆ ಸಂತೆಯಲ್ಲಿ ಸಿಕ್ಕಿದ್ದರು. ಮನೆಯಲ್ಲಿ ಟಿ.ವಿ. ನೋಡ್ತೀರಾ ಅಂದೆ. "ನೋಡ್ತೀನಪ್ಪ, ಕಣ್ಣು ಸುಮ್ನೆ ಬಲಗಡೆ ಮೂಲೆಗೇ ಹೋಗುತ್ತೆ" ಅಂದರು.

ನಮಸ್ಕಾರ.