ಎದೆಬಡಿತ ಅಳೆಯುವ ಬಟ್ಟೆ: ತೋರಿಸುವ ಅಂಕಿಯನ್ನು ಎಷ್ಟು ನಂಬಬಹುದು?

(ಕಾರವಾರದಲ್ಲಿ ಮಹಿಳೆಯರಿಗಾಗಿ ನೀಡಿದ ಉಪನ್ಯಾಸದ ಬರಹ ರೂಪ)

ಎಲ್ಲರಿಗೂ ನಮಸ್ಕಾರ. ಬೆಳಿಗ್ಗೆ ಟ್ಯಾಗೋರ್ ಕಡಲತೀರದಲ್ಲಿ ಓಡುವವರು, ಸದಾಶಿವಗಡದ ಏರು ಹತ್ತುವವರು, ಹುಡುಗಿಯರಿಗೆ ಓಟ ಕಲಿಸುವ ದೈಹಿಕ ಶಿಕ್ಷಕಿಯರು, ಮೂರೂ ಬಗೆಯವರು ಇಲ್ಲಿದ್ದೀರಿ. ಎದೆಬಡಿತ ತೋರಿಸುವ ಸ್ಪೋರ್ಟ್ಸ್ ಬ್ರಾ ಕೊಳ್ಳಬೇಕೇ, ಅದು ಹೇಳುವ ಅಂಕಿ ಸರಿಯೇ ಎಂಬುದು ನಿಮ್ಮ ಪ್ರಶ್ನೆ. ಒಳಗಿನ ಚಿಪ್ ಈಗ ಬಹುತೇಕ ಎಲ್ಲದರಲ್ಲೂ ಚೆನ್ನಾಗಿಯೇ ಇರುತ್ತದೆ. ತಪ್ಪು ಹುಟ್ಟುವುದು ಎದೆಯ ಕೆಳಗೆ ಸುತ್ತಿ ಬರುವ ಪಟ್ಟಿಯಲ್ಲಿ. ಹಾಗಾಗಿ ಇವತ್ತಿನ ಮಾತು ಹೆಚ್ಚಾಗಿ ಆ ಪಟ್ಟಿಯ ಬಗ್ಗೆಯೇ.

ಈ ಬ್ರಾದ ಒಳಮಗ್ಗುಲು ತಿರುವಿ ನೋಡಿ. ಎಡಕ್ಕೊಂದು ಬಲಕ್ಕೊಂದು ಬೂದು ಬಣ್ಣದ ತೇಪೆ ಇದೆ. ಬೆಳ್ಳಿ ಲೇಪಿಸಿದ ನೈಲಾನ್ ನೂಲಿನಿಂದ ಹೆಣೆದದ್ದು, ಇದೇ ಎಲೆಕ್ಟ್ರೋಡ್, ಅಂದರೆ ಚರ್ಮದಿಂದ ವಿದ್ಯುತ್ ಹಿಡಿಯುವ ಭಾಗ. ಹೊರಮಗ್ಗುಲಲ್ಲಿ ಎರಡು ಟಿಚ್ ಬಟನ್, ಅದರ ಮೇಲೆ ಕೂರುವ ಸಣ್ಣ ಯಂತ್ರ, ಅದರೊಳಗೆ ಬಿಲ್ಲೆ ಸೆಲ್. ಹೃದಯ ಬಡಿದಾಗ ಚರ್ಮದ ಮೇಲೆ ಸುಮಾರು 1 ಮಿಲಿವೋಲ್ಟ್‌ನಷ್ಟು ವಿದ್ಯುತ್ ಮೂಡುತ್ತದೆ. ಇಸಿಜಿ ಕಾಗದದಲ್ಲಿ ಚೂಪಾಗಿ ಮೇಲೇಳುವ ಗೆರೆ ಅದೇ. ಯಂತ್ರ ಎರಡು ಚೂಪುಗಳ ನಡುವಿನ ಹೊತ್ತನ್ನು ಅಳೆಯುತ್ತದೆ: 500 ಮಿಲಿಸೆಕೆಂಡ್ ಇದ್ದರೆ ನಿಮಿಷಕ್ಕೆ 120 ಬಡಿತ, 400 ಇದ್ದರೆ 150. ಕೈಗಡಿಯಾರದ ಬಗೆ ಬೇರೆ. ಅದು ಹಸಿರು ಬೆಳಕು ಬಿಟ್ಟು ರಕ್ತದ ಏರಿಳಿತ ನೋಡುತ್ತದೆ. ಓಡುವಾಗ ಕೈಬೀಸಿನ ಅಲುಗಾಟವನ್ನೇ ನಾಡಿ ಎಂದು ಹಿಡಿದು, ಹೆಜ್ಜೆಯ ಲೆಕ್ಕವನ್ನೇ ಬಡಿತವೆಂದು ತೋರಿಸುವುದುಂಟು. ಪಟ್ಟಿ ಸರಿಯಾಗಿ ಕೂತಿದ್ದರೆ ಬಟ್ಟೆಯೇ ಮೇಲು.

ಆದರೆ ಒಣ ಬಟ್ಟೆ ಒಣ ಚರ್ಮಕ್ಕೆ ತಾಗಿದರೆ ವಿದ್ಯುತ್ ಸರಿಯಾಗಿ ದಾಟುವುದಿಲ್ಲ. ಆಸ್ಪತ್ರೆಯಲ್ಲಿ ಜೆಲ್ ಹಚ್ಚುವುದು ಅದಕ್ಕೇ. ಬೆವರು ಬರುವ ತನಕ, ಅಂದರೆ ಮೊದಲ 5–10 ನಿಮಿಷ, ಅಂಕಿ ಹುಚ್ಚುಚ್ಚಾಗಿ ಕುಣಿಯುವುದು ಇದರಿಂದ. ಹಾಕಿಕೊಳ್ಳುವ ಮುಂಚೆ ಎರಡೂ ತೇಪೆಗೆ ನೀರು ಸವರಿ, ಪೂರ್ತಿ ಒದ್ದೆಯಾಗಲಿ. ಮೈಗೆ ಕೊಬ್ಬರಿ ಎಣ್ಣೆ ಹಚ್ಚಿದ್ದರೆ ಆ ಜಾಗವನ್ನು ಸೋಪು ಹಾಕಿ ತೊಳೆಯಲೇಬೇಕು. ಎಣ್ಣೆಯ ಮೇಲೆ ಎಷ್ಟು ನೀರು ಹಾಕಿದರೂ ಪ್ರಯೋಜನವಿಲ್ಲ. ಪೌಡರ್, ಬಾಡಿ ಲೋಷನ್‌ಗಳದ್ದೂ ಇದೇ ಕಥೆ.

ನಮ್ಮ ಕರಾವಳಿಯ ಸೆಕೆ ಈ ವಿಷಯದಲ್ಲಿ ಉಪಕಾರಿ, ಎರಡು ಸುತ್ತು ಓಡುವಷ್ಟರಲ್ಲಿ ಪಟ್ಟಿ ತೋಯುತ್ತದೆ. ಘಟ್ಟದ ಮೇಲೆ ಮುಂಡಗೋಡು, ಹಳಿಯಾಳದ ಕಡೆ ಜನವರಿ–ಫೆಬ್ರವರಿಯ ಒಣ ಗಾಳಿಯಲ್ಲಿ ಬೇರೆ ತೊಂದರೆ. ಮೇಲಿನ ಸಡಿಲ ಪಾಲಿಯೆಸ್ಟರ್ ಟೀ ಶರ್ಟ್ ಗಾಳಿಗೆ ಪಟಪಟ ಬಡಿದು ಸ್ಥಿರವಿದ್ಯುತ್ ಹುಟ್ಟುತ್ತದೆ, ಯಂತ್ರ ಅದನ್ನೂ ಬಡಿತವೆಂದು ಎಣಿಸುತ್ತದೆ. ನಿಧಾನ ಓಟದಲ್ಲೇ 200 ದಾಟಿದ ಅಂಕಿ ಕಂಡರೆ ಮೊದಲು ಟೀ ಶರ್ಟ್ ಬದಲಿಸಿ, ಹತ್ತಿಯದ್ದು ಹಾಕಿ. ಬೆವರು ಅತಿಯಾದರೂ ಕಷ್ಟವೇ: ಎರಡು ತೇಪೆಗಳ ನಡುವಿನ ಬಟ್ಟೆ ನೆನೆದು ಉಪ್ಪುನೀರಿನ ಸೇತುವೆಯಾದರೆ ಸಂಕೇತ ಕುಗ್ಗುತ್ತದೆ. ಸಮುದ್ರಕ್ಕಿಳಿದರೆ ಇದನ್ನು ನೆಚ್ಚಲೇಬೇಡಿ.

ಇನ್ನು ಬಿಗಿ. 1977ರಲ್ಲಿ ಅಮೆರಿಕದ ವರ್ಮಾಂಟ್‌ನಲ್ಲಿ ಲಿಸಾ ಲಿಂಡಾಲ್, ಪೋಲಿ ಸ್ಮಿತ್, ಹಿಂಡಾ ಮಿಲ್ಲರ್ ಸೇರಿ ಗಂಡಸರು ಆಟಕ್ಕೆ ಒಳಗೆ ಹಾಕುವ ಎರಡು ಸಪೋರ್ಟರ್ ಜೋಡಿಸಿ ಹೊಲಿದು ಜಾಗ್‌ಬ್ರಾ ಎಂಬ ಓಟದ ಬ್ರಾ ಮಾಡಿದರು. ಅದೇ ವರ್ಷ ಫಿನ್‌ಲ್ಯಾಂಡ್‌ನಲ್ಲಿ ಪೋಲಾರ್ ಕಂಪನಿ ಶುರುವಾಯಿತು. ಬಡಿತ ಅಳೆಯಲು ಓಟಗಾರರು ಕಟ್ಟಿಕೊಳ್ಳುವ ಎದೆಪಟ್ಟಿ ಬೆಳೆದದ್ದು ಅದರ ಕೈಯಲ್ಲಿ. ಆ ಪಟ್ಟಿ ಕೂರಬೇಕಾದ ಜಾಗ, ಬ್ರಾದ ಕೆಳಪಟ್ಟಿ ಕೂರುವ ಜಾಗ, ಎರಡೂ ಒಂದೇ! ಒಂದರ ಮೇಲೊಂದು ಹಾಕಿದರೆ ಮೇಲಿನದು ಕೆಳಗಿನದನ್ನು ಮಡಚಿ ಸುರುಳಿ ಮಾಡುತ್ತದೆ, ಎಲೆಕ್ಟ್ರೋಡ್ ಚರ್ಮ ಬಿಟ್ಟು ಏಳುತ್ತದೆ. ಎರಡನ್ನೂ ಸೇರಿಸಿ ಹೊಲಿಯುವ ಯೋಚನೆ ಸರಿಯಾದದ್ದೇ. ಆದರೆ ಬ್ರಾದ ಕೆಳಪಟ್ಟಿಗೆ ಸ್ತನದ ಭಾರ ಹೊರುವ ಕೆಲಸ ಮೊದಲೇ ಇದೆ. ಓಡುವಾಗ ಸ್ತನ ಮೇಲೆ ಕೆಳಗೆ ಮಾತ್ರವಲ್ಲ, ಅಕ್ಕಪಕ್ಕಕ್ಕೂ ಹಿಂದೆಮುಂದಕ್ಕೂ ಚಲಿಸುತ್ತದೆ. ಕಪ್ ಅದನ್ನು ಹಿಡಿಯದಿದ್ದರೆ ಪ್ರತಿ ಹೆಜ್ಜೆಗೂ ಪಟ್ಟಿ ಎಳೆದಾಡುತ್ತದೆ, ತೇಪೆ ಚರ್ಮದ ಮೇಲೆ ಉಜ್ಜುತ್ತದೆ. ಆ ಉಜ್ಜಾಟದಿಂದ ಹುಟ್ಟುವ ಸುಳ್ಳು ಸಂಕೇತ ಹೃದಯದ್ದಕ್ಕಿಂತ ದೊಡ್ಡದಾಗಿರಬಹುದು. ದೊಡ್ಡ ಕಪ್ಪಿನವರಿಗೆ ತೊಂದರೆ ಹೆಚ್ಚು ಕಾಣುವುದಕ್ಕೆ ಕಾರಣ ಇದು, ಅವರ ಮೈಯಲ್ಲಿ ದೋಷವಿಲ್ಲ. ಎಸ್, ಎಂ, ಎಲ್ ಎಂದು ಮೂರೇ ಅಳತೆಯಲ್ಲಿ ಹೊಲಿದು ಮಾರುವ ಬ್ರಾವನ್ನು ಕೊಳ್ಳಿ ಎಂದು ನಾವು ಯಾರಿಗೂ ಹೇಳುವುದಿಲ್ಲ. ಸುತ್ತಳತೆ, ಕಪ್ ಎರಡೂ ಬೇರೆಬೇರೆ ಇರುವುದನ್ನೇ ಕೇಳಿ, ಹಿಂದೆ ಹುಕ್ ಇರಲಿ, ತಂತಿ ಬೇಡ. ತಂತಿಯ ಪಕ್ಕ ಬಟ್ಟೆ ಎದ್ದು ಸಂದು ಬೀಳುತ್ತದೆ.

ಅಳತೆ ಹೀಗೆ: ಉಸಿರು ಬಿಟ್ಟು, ಸ್ತನದ ಬುಡದಲ್ಲಿ ಟೇಪು ನೆಲಕ್ಕೆ ಸಮಾನಾಂತರವಾಗಿರುವಂತೆ ಸುತ್ತಿ. ಹೊಸ ಬ್ರಾವನ್ನು ಅತಿ ಸಡಿಲದ ಹುಕ್‌ಗೆ ಹಾಕಿದಾಗಲೇ ಅದು ಸರಿಯಾಗಿ ಕೂರಬೇಕು. ಇಲಾಸ್ಟಿಕ್ ಸಡಿಲವಾದಂತೆ ಒಳ ಹುಕ್‌ಗೆ ಹೋಗಬಹುದು. ಪಟ್ಟಿಯ ಕೆಳಗೆ ಎರಡು ಬೆರಳು ಹಿಡಿಯಬೇಕು, ಮೂರನೆಯದು ಹಿಡಿಯಬಾರದು. ಎರಡೂ ಕೈ ಮೇಲೆತ್ತಿ: ಪಟ್ಟಿ ಮೇಲೆ ಜಾರಿದರೆ ಅದು ಸಡಿಲ, ಹೆಗಲ ಪಟ್ಟಿ ಎಳೆದು ಬಿಗಿ ಮಾಡಿದರೆ ಇನ್ನಷ್ಟು ಮೇಲೇಳುತ್ತದೆ. ಆಮೇಲೆ ಇದ್ದಲ್ಲೇ ಹತ್ತು ಸಲ ಜಿಗಿದು ಅಂಕಿ ನೋಡಿ. ಮುಟ್ಟಿನ ಮುಂಚಿನ ದಿನಗಳಲ್ಲಿ ಸ್ತನ ಬಾತಿರುತ್ತದೆ, ಆಗ ಒಂದು ಹುಕ್ ಸಡಿಲಿಸಿದರೆ ತಪ್ಪೇನಿಲ್ಲ. ಆ ದಿನಗಳಲ್ಲಿ ವಿಶ್ರಾಂತಿಯ ಬಡಿತವೂ ತುಸು ಹೆಚ್ಚಿರುತ್ತದೆ, ಅದು ಯಂತ್ರದ ತಪ್ಪಲ್ಲ. ಕರಿಮಣಿ ಸರ ಉದ್ದವಿದ್ದರೆ ಅದರ ತುದಿ ಯಂತ್ರಕ್ಕೆ ಬಡಿಯದಂತೆ ಮೇಲಕ್ಕೆ ಸಿಕ್ಕಿಸಿಕೊಳ್ಳಿ.

ಕಂಪನಿಯವರು ಹೇಳುವ ನಿಖರತೆಯನ್ನು ಓದುವುದು ಹೇಗೆ? ಈ ಕ್ಷೇತ್ರದಲ್ಲಿ ಬಳಕೆಯಲ್ಲಿರುವ ಮಿತಿ 5 ಬಡಿತ ಅಥವಾ ಶೇ 10, ಯಾವುದು ಹೆಚ್ಚೋ ಅದು. ಅಂದರೆ ನಿಜ ಬಡಿತ 150 ಇದ್ದಾಗ 135 ತೋರಿಸಿದರೂ, 165 ತೋರಿಸಿದರೂ ಪಾಸು. 'ಸರಾಸರಿ ತಪ್ಪು ಬರೀ 1 ಬಡಿತ' ಎಂಬ ಮಾತಿಗೆ ಮರುಳಾಗಬೇಡಿ. ಒಮ್ಮೆ 20 ಹೆಚ್ಚು, ಒಮ್ಮೆ 20 ಕಡಿಮೆ ತೋರಿಸಿದರೂ ಸರಾಸರಿ ಸೊನ್ನೆಯೇ. ಬ್ಲಾಂಡ್ ಮತ್ತು ಆಲ್ಟ್‌ಮನ್ ಎಂಬ ಸಂಖ್ಯಾಶಾಸ್ತ್ರಜ್ಞರು 1986ರಲ್ಲಿ ತೋರಿಸಿಕೊಟ್ಟ ವಿಧಾನದಲ್ಲಿ ಪ್ರತಿ ಅಳತೆಯ ವ್ಯತ್ಯಾಸ ಎಷ್ಟು ಅಗಲಕ್ಕೆ ಹರಡಿದೆ ಎಂದು ನೋಡುತ್ತಾರೆ. ಕೇಳಬೇಕಾದದ್ದು ಆ ಹರವನ್ನು. ಜೊತೆಗೆ, ಪರೀಕ್ಷೆಗೆ ನಿಂತವರಲ್ಲಿ ಹೆಂಗಸರೆಷ್ಟು, ಓಡಿಸಿದ್ದರೇ ಅಥವಾ ಬರೀ ನಡೆಸಿದ್ದರೇ ಎಂದು.

ನೀವೇ ಪರೀಕ್ಷಿಸುವುದಾದರೆ ಓಟ ನಿಲ್ಲಿಸಿದ ಕೂಡಲೇ ಕುತ್ತಿಗೆಯ ಒಂದು ಬದಿಯ ನಾಡಿಯನ್ನು ಹಗುರಾಗಿ ಮುಟ್ಟಿ 15 ಸೆಕೆಂಡ್ ಎಣಿಸಿ, 4ರಿಂದ ಗುಣಿಸಿ. ಪೂರ್ತಿ ನಿಮಿಷ ಎಣಿಸುತ್ತ ನಿಂತರೆ ಅಷ್ಟರಲ್ಲಿ ಬಡಿತ ಇಳಿದಿರುತ್ತದೆ. ಒಂದು ಎಣಿಕೆ ತಪ್ಪಿದರೆ 4ರ ವ್ಯತ್ಯಾಸ ಬರುತ್ತದೆ, ಅಷ್ಟಕ್ಕೆ ಯಂತ್ರವನ್ನು ದೂರಬೇಡಿ.

ಹೆಚ್ಚು ಕಂಡದ್ದೆಲ್ಲ ತಪ್ಪೂ ಅಲ್ಲ. ಮೆತ್ತಗಿನ ಹೊಯ್ಗೆಯಲ್ಲಿ ಓಡಲು ಗಟ್ಟಿ ನೆಲಕ್ಕಿಂತ ಸುಮಾರು ಒಂದೂವರೆ ಪಟ್ಟು ಶಕ್ತಿ ಬೇಕು. ಏಪ್ರಿಲ್ ಸೆಕೆಯಲ್ಲಿ ವೇಗ ಅಷ್ಟೇ ಇದ್ದರೂ ಅರ್ಧ ಗಂಟೆಯ ಮೇಲೆ ಬಡಿತ ಮೆಲ್ಲಗೆ ಏರುತ್ತ ಹೋಗುತ್ತದೆ. ಬಟ್ಟೆಯ ಸುಳ್ಳು ಹಾಗಲ್ಲ: 110 ಇದ್ದದ್ದು ಒಂದೆರಡು ಸೆಕೆಂಡಿನಲ್ಲಿ 190ಕ್ಕೆ ಹಾರುತ್ತದೆ, ಪಟ್ಟಿ ಒತ್ತಿ ಹಿಡಿದರೆ ಇಳಿಯುತ್ತದೆ. ಒತ್ತಿದರೂ ಇಳಿಯದೆ, ಎದೆ ಡವಡವ ಅನ್ನುತ್ತಿದ್ದು ತಲೆ ಸುತ್ತಿದರೆ ಓಟ ನಿಲ್ಲಿಸಿ ಆಸ್ಪತ್ರೆಗೆ ಹೋಗಿ ಇಸಿಜಿ ಮಾಡಿಸಿ. ಬ್ರಾ ಬಡಿತ ಎಣಿಸುತ್ತದೆಯೇ ಹೊರತು ಹೃದಯದ ಕಾಯಿಲೆ ಹೇಳುವುದಿಲ್ಲ.

ಇನ್ನೊಂದು ಮಾತು. ಅಂಕಿ ಸರಿಯಿದ್ದೂ ಅದನ್ನು ತೂಗುವ ಸೂತ್ರ ಸರಿಯಿಲ್ಲದಿರಬಹುದು. 220ರಲ್ಲಿ ವಯಸ್ಸು ಕಳೆಯುವ ಸೂತ್ರದಲ್ಲಿ 45ರ ಹೆಂಗಸಿಗೆ ಗರಿಷ್ಠ ಬಡಿತ 175. ಹೆಂಗಸರನ್ನೇ ಪರೀಕ್ಷಿಸಿ 2010ರಲ್ಲಿ ಪ್ರಕಟವಾದ ಸೂತ್ರದಲ್ಲಿ 206ರಿಂದ ವಯಸ್ಸಿನ 0.88 ಪಟ್ಟು ಕಳೆಯಬೇಕು, ಬರುವುದು 166. ಅಂಕಿ ತೋರಿಸುವ ಆ್ಯಪ್‌ನಲ್ಲಿ ಸೂತ್ರ ಬದಲಿಸುವ ಅವಕಾಶವಿದ್ದರೆ ಬದಲಿಸಿ.

ಓಡಿ ಬಂದ ಕೂಡಲೇ ಯಂತ್ರ ಬಿಚ್ಚಿಡಿ. ಒದ್ದೆ ಬಟ್ಟೆಯಲ್ಲೇ ಬಿಟ್ಟರೆ ಸೆಲ್ ಇಳಿಯುತ್ತಲೇ ಇರುತ್ತದೆ, ಟಿಚ್ ಬಟನ್‌ಗೆ ಹಸಿರು ಕಿಲುಬು ಹಿಡಿಯುತ್ತದೆ. ತಣ್ಣೀರು, ಮೆದು ಸೋಪು, ಕೈಯಲ್ಲೇ ತೊಳೆತ. ಬ್ಲೀಚ್ ಬೆಳ್ಳಿಯನ್ನು ತಿನ್ನುತ್ತದೆ, ಕಂಫರ್ಟ್‌ನಂಥ ದ್ರವ ನೂಲಿನ ಮೇಲೆ ಪೊರೆ ಕಟ್ಟುತ್ತದೆ. ಹಿಂಡಬೇಡಿ, ಟವೆಲ್‌ನಲ್ಲಿ ಸುತ್ತಿ ಒತ್ತಿ. ಮಳೆಗಾಲದಲ್ಲಿ ಒಣಗುವುದಿಲ್ಲವೆಂದು ಶಿರಸಿ ಕಡೆಯವರು ಬಚ್ಚಲೊಲೆಯ ಮೇಲೆ ಹರವುವುದುಂಟು, ಇದನ್ನು ಮಾತ್ರ ಹಾಗೆ ಮಾಡಬೇಡಿ, ಇಲಾಸ್ಟಿಕ್ ಸಾಯುತ್ತದೆ. ಫ್ಯಾನ್ ಕೆಳಗೆ ಒಣಗಿಸಿ. ತೇಪೆ ಕಪ್ಪಾದ ಮಾತ್ರಕ್ಕೆ ಎಸೆಯಬೇಕಿಲ್ಲ. ಎಲೆಕ್ಟ್ರಿಷಿಯನ್ ಬಳಿಯ ಮಲ್ಟಿಮೀಟರ್‌ನಿಂದ ತೇಪೆಯ ಈ ತುದಿಯಿಂದ ಆ ತುದಿಗೆ ವಿದ್ಯುತ್ತಿಗೆ ಎಷ್ಟು ತಡೆಯಿದೆ ನೋಡಿ, ಅದರ ಅಳತೆ ಓಮ್‌ನಲ್ಲಿ. ಬೆಳ್ಳಿ ನೂಲಿನದ್ದು ಹೊಸದರಲ್ಲಿ ಕೆಲವೇ ಓಮ್ ತೋರಿಸುತ್ತದೆ. ಕಿಲೋ ಓಮ್‌ಗೆ ಹೋಗಿದ್ದರೆ ನೂಲಿನ ಲೇಪ ಹೋಗಿದೆ ಎಂದರ್ಥ.

ಟೇಪು, ಮೀಟರ್, ನಾಲ್ಕೈದು ಅಳತೆಯ ಬ್ರಾಗಳು ಒಳಗಿನ ಕೋಣೆಯ ಮೇಜಿನ ಮೇಲಿವೆ. ಪ್ರಶ್ನೆ ಇದ್ದವರು ಈಗ ಕೇಳಿ, ಅಳತೆ ಬೇಕಾದವರು ಆ ಕೋಣೆಗೆ ಬನ್ನಿ.