ಜಲ್ಲಿ ರಸ್ತೆಯ ರೇಸಿಗೆ ಎಂಥ ಟೈರು?

ಕೇಳುಗರಿಗೆ ನಮಸ್ಕಾರ.

ಅಮೆರಿಕದ ಕನ್ಸಾಸ್ ರಾಜ್ಯದಲ್ಲಿ ಎಂಪೋರಿಯಾ ಎಂಬ ಸಣ್ಣ ಊರಿದೆ. ಪ್ರತಿವರ್ಷ ಮೇ ಕೊನೆಗೋ ಜೂನ್ ಮೊದಲಿಗೋ ಅಲ್ಲಿಗೆ ಸಾವಿರಾರು ಸೈಕಲ್ ಸವಾರರು ಬಂದಿಳಿಯುತ್ತಾರೆ. 2006ರಲ್ಲಿ ಶುರುವಾದ ಅಲ್ಲಿನ ರೇಸಿಗೆ ಈಗ ಅನ್‌ಬೌಂಡ್ ಗ್ರಾವೆಲ್ ಎಂದು ಹೆಸರು. ಗ್ರಾವೆಲ್ ಎಂದರೆ ಜಲ್ಲಿ. ಅದರ ಹೆಸರಾಂತ ಸ್ಪರ್ಧೆಯ ದೂರ ಇನ್ನೂರು ಮೈಲಿ, ಅಂದರೆ ಸುಮಾರು 320 ಕಿಲೋಮೀಟರ್. ಡಾಂಬರು ಕಾಣಿಸುವುದು ಅಪರೂಪ. ಉಳಿದದ್ದೆಲ್ಲ ಜಲ್ಲಿ ಮತ್ತು ಮಣ್ಣು. ಈ ಸೀಮೆಯ ಹೆಸರು ಫ್ಲಿಂಟ್ ಹಿಲ್ಸ್. ಸುಣ್ಣದ ಕಲ್ಲಿನ ಪದರಗಳ ನಡುವೆ ಚಕಮಕಿ ಜಾತಿಯ ಗಟ್ಟಿ ಕಲ್ಲು ಹುದುಗಿದೆ. ಸುಣ್ಣದ ಕಲ್ಲು ಮಳೆಗಾಳಿಗೆ ಕರಗಿ ಹೋದರೂ ಚಕಮಕಿ ಕರಗುವುದಿಲ್ಲ, ಚೂರಾಗಿ ಮೇಲೆಯೇ ಉಳಿಯುತ್ತದೆ. ಈ ಕಲ್ಲಿನ ಕಾಟಕ್ಕೆ ನೇಗಿಲು ಇಳಿಯಲಿಲ್ಲ, ಹಾಗಾಗಿ ಎತ್ತರದ ಹುಲ್ಲುಗಾವಲು ಇಂದಿಗೂ ಉಳಿದಿದೆ. ನೇಗಿಲನ್ನೇ ಹಿಂದಕ್ಕೆ ಕಳಿಸಿದ ಕಲ್ಲು ಸೈಕಲ್ ಟೈರನ್ನು ಸುಮ್ಮನೆ ಬಿಟ್ಟೀತೇ? ಮುರಿದ ಅಂಚು ಬ್ಲೇಡಿನಷ್ಟೇ ಹರಿತ. ಟೈರು ಸೀಳಿ ರಸ್ತೆಬದಿಯಲ್ಲಿ ಕುಳಿತವರು ಅಲ್ಲಿ ಪ್ರತಿವರ್ಷವೂ ಕಾಣಸಿಗುತ್ತಾರೆ.

ಇಂಥ ರಸ್ತೆಯಲ್ಲಿ ವೇಗವಾಗಿ ಹೋಗಲು ಎಂಥ ಟೈರು ಬೇಕು ಎಂಬುದೇ ಇವತ್ತಿನ ಮಾತು.

ಸೈಕಲ್ ಅಂಗಡಿಯಲ್ಲಿ ನಿಂತು ನೋಡಿ. ಟೈರು ಕೊಳ್ಳಲು ಬಂದವರು ಮೊದಲು ಮುಟ್ಟುವುದು ಅದರ ಮೇಲಿನ ಉಬ್ಬುಗಳನ್ನು. ಉಬ್ಬು ದಪ್ಪಗಿದ್ದರೆ ಹಿಡಿತ ಚೆನ್ನ, ನುಣ್ಣಗಿದ್ದರೆ ವೇಗ ಚೆನ್ನ ಎಂದು ತೀರ್ಮಾನಿಸಿ, ಆಮೇಲೆ ಅಗಲ, ಕೊನೆಗೆ ಬೆಲೆ ಕೇಳುತ್ತಾರೆ. ಟೈರಿನ ಮೈ, ಅಂದರೆ ಉಬ್ಬುಗಳ ಕೆಳಗಿನ ಬಟ್ಟೆ ಮತ್ತು ರಬ್ಬರಿನ ಪದರ, ಹೇಗಿದೆ ಎಂದು ವಿಚಾರಿಸುವವರು ಕಡಿಮೆ. ನನ್ನ ಪ್ರಕಾರ ಈ ಸಾಲು ತಿರುವುಮುರುವಾಗಿದೆ. ಮೊದಲು ಮೈ, ನಂತರ ಅಗಲ, ಆಮೇಲೆ ಗಾಳಿಯ ಒತ್ತಡ. ಉಬ್ಬಿನ ಸರದಿ ಎಲ್ಲಕ್ಕಿಂತ ಕೊನೆಗೆ.

ಟೈರು ಉರುಳುವಾಗ ನೆಲಕ್ಕೆ ತಾಗಿದ ಭಾಗ ಚಪ್ಪಟೆಯಾಗುತ್ತದೆ, ಮುಂದಿನ ಕ್ಷಣ ಮತ್ತೆ ದುಂಡಗಾಗುತ್ತದೆ. ಹೀಗೆ ಬಾಗಿ ನೆಟ್ಟಗಾಗುವಾಗಲೆಲ್ಲ ರಬ್ಬರಿಗೆ ಕೊಟ್ಟ ಶಕ್ತಿ ಪೂರ್ತಿ ಹಿಂದಿರುಗುವುದಿಲ್ಲ. ಒಂದು ಪಾಲು ಬಿಸಿಯಾಗಿ ಕಳೆದುಹೋಗುತ್ತದೆ. ರಬ್ಬರು ದಪ್ಪವಿದ್ದಷ್ಟೂ, ಒಳಗಿನ ಬಟ್ಟೆಯ ಪದರ ಒರಟಾದಷ್ಟೂ ಈ ನಷ್ಟ ಹೆಚ್ಚು. ಹಾಗಾಗಿ ತೆಳುವಾದ, ಮೆತ್ತನೆಯ ಮೈಯ ಟೈರು ಹಗುರವಾಗಿ ಉರುಳುತ್ತದೆ. ಅಂಗಡಿಯಲ್ಲೇ ಇದನ್ನು ಪರೀಕ್ಷಿಸಬಹುದು. ಟೈರಿನ ಪಕ್ಕವನ್ನು ಹೆಬ್ಬೆರಳು ತೋರುಬೆರಳಿನ ನಡುವೆ ಹಿಡಿದು ಮಡಚಿ ನೋಡಿ. ಸಲೀಸಾಗಿ ಮಡಚಿ ಕೂತರೆ ಒಳ್ಳೆಯ ಲಕ್ಷಣ. ಬೆರಳಿಗೇ ಎದುರು ಒದ್ದರೆ, ಆ ಎದುರೊದೆತವನ್ನು ದಾರಿಯುದ್ದಕ್ಕೂ ನಿಮ್ಮ ಕಾಲು ತಾಳಬೇಕಾಗುತ್ತದೆ.

ಎಷ್ಟು ವ್ಯತ್ಯಾಸ ಬಂದೀತು? ಸವಾರ ಮತ್ತು ಸೈಕಲ್ ಸೇರಿ 85 ಕಿಲೋ ಎನ್ನೋಣ. ವೇಗ ಗಂಟೆಗೆ 36 ಕಿಲೋಮೀಟರ್, ಅಂದರೆ ಸೆಕೆಂಡಿಗೆ 10 ಮೀಟರ್. ಉರುಳುವಿಕೆಯ ಪ್ರತಿರೋಧದ ಗುಣಾಂಕ, ಅಂದರೆ ಒಟ್ಟು ಭಾರದ ಎಷ್ಟು ಪಾಲು ಉರುಳುವಾಗ ಹಿಂದಕ್ಕೆ ಎಳೆಯುತ್ತದೆ ಎಂಬ ಅಳತೆ, 0.012 ಇದ್ದದ್ದು 0.010ಕ್ಕೆ ಇಳಿದರೆ ಉಳಿಯುವ ಶಕ್ತಿ ಸುಮಾರು 17 ವ್ಯಾಟ್. ಗಂಟೆಗಟ್ಟಲೆ 200 ವ್ಯಾಟ್ ತುಳಿಯುವುದೇ ಹವ್ಯಾಸಿ ಸವಾರನಿಗೆ ದೊಡ್ಡ ಸಾಧನೆ. ಅವನಿಗೆ ಇದು ಹನ್ನೆರಡರಲ್ಲಿ ಒಂದು ಪಾಲು. ಸೈಕಲಿನ ತೂಕವನ್ನು ಅರ್ಧ ಕಿಲೋ ಇಳಿಸಲು ಸಾಲ ಮಾಡುವವರು ಈ ಲೆಕ್ಕವನ್ನು ಒಮ್ಮೆ ಹಾಕಿ ನೋಡಬೇಕು.

ಇನ್ನು ಅಗಲ. ಬಹುಕಾಲ ಸೈಕಲ್ ಲೋಕದ ನಂಬಿಕೆ ಒಂದೇ ಆಗಿತ್ತು: ಟೈರು ಸಣ್ಣಗಿರಬೇಕು, ಗಾಳಿ ಕಲ್ಲಿನಂತೆ ಗಟ್ಟಿಯಿರಬೇಕು. ಪ್ರಯೋಗಾಲಯದ ನುಣುಪಾದ ಉಕ್ಕಿನ ಉರುಳೆಯ ಮೇಲೆ ಟೈರನ್ನು ಓಡಿಸಿದಾಗ ಗಾಳಿ ಹೆಚ್ಚಿದಂತೆಲ್ಲ ಪ್ರತಿರೋಧ ಇಳಿಯುತ್ತಿತ್ತು, ನಂಬಿಕೆಗೆ ಪುರಾವೆಯೂ ಸಿಗುತ್ತಿತ್ತು. ಆದರೆ ಆ ಉರುಳೆಯ ಮೇಲೆ ಕಲ್ಲಿರಲಿಲ್ಲ, ಟೈರಿನ ಮೇಲೆ ಮನುಷ್ಯ ಕೂತಿರಲಿಲ್ಲ. ನಿಜವಾದ ರಸ್ತೆಯಲ್ಲಿ ಗಟ್ಟಿ ಟೈರು ಪ್ರತಿ ಕಲ್ಲನ್ನೂ ಹತ್ತಿ ಇಳಿಯುತ್ತದೆ. ಹತ್ತುವಾಗಲೆಲ್ಲ ಸೈಕಲ್ಲು ಮತ್ತು ಸವಾರ ಇಬ್ಬರೂ ಮೇಲಕ್ಕೆ ಎಗರುತ್ತಾರೆ. ಆ ಅದುರು ಸವಾರನ ತೋಳು, ತೊಡೆ, ಬೆನ್ನಿನ ಸ್ನಾಯುಗಳಲ್ಲಿ ಹೀರಿಹೋಗುತ್ತದೆ. ಮುಂದಕ್ಕೆ ಸಾಗಬೇಕಿದ್ದ ಶಕ್ತಿ ಮೈ ನಡುಗಿಸಲು ಖರ್ಚಾಗುತ್ತದೆ. ಸಿಯಾಟಲ್‌ನ ಬೈಸಿಕಲ್ ಕ್ವಾರ್ಟರ್ಲಿ ಪತ್ರಿಕೆಯ ಯಾನ್ ಹೈನೆ ಮತ್ತು ಅವರ ಸಂಗಡಿಗರು ಸವಾರರನ್ನೇ ಕೂರಿಸಿ, ಒರಟು ನೆಲದ ಮೇಲೆ ಓಡಿಸಿ, ತುಳಿತದ ಶಕ್ತಿಯನ್ನು ಅಳೆದು ಈ ನಷ್ಟವನ್ನು ತೋರಿಸಿದರು. ಮೊದಮೊದಲು ನಕ್ಕವರು ಬಹಳ. ಈಗ ಡಾಂಬರು ರಸ್ತೆಯ ರೇಸುಗಳಲ್ಲೂ ಟೈರು ಅಗಲವಾಗಿದೆ.

ಅಗಲದ ಟೈರಿನಲ್ಲಿ ಗಾಳಿಯ ಪ್ರಮಾಣ ಹೆಚ್ಚು. ಹಾಗಾಗಿ ಒತ್ತಡವನ್ನು ಬಹಳ ಇಳಿಸಿದರೂ ರಿಮ್ ಕಲ್ಲಿಗೆ ಬಡಿಯುವುದಿಲ್ಲ. ಇದೇ ಅದರ ನಿಜವಾದ ಲಾಭ. ಅಗಲದ ಟೈರು ಹಾಕಿ, ಸಣ್ಣ ಟೈರಿನಷ್ಟೇ ಗಾಳಿ ತುಂಬಿದರೆ ಕೈಗೆ ಬಂದ ಲಾಭವನ್ನು ಪಂಪಿನಿಂದಲೇ ಹೊರದೂಡಿದಂತೆ.

ಎಷ್ಟು ಅಗಲ ಎಂಬಲ್ಲಿ ವಾದವಿದೆ. ಕೆಲ ವರ್ಷಗಳ ಹಿಂದೆ 38, 40 ಮಿಲಿಮೀಟರ್ ಎಂದರೆ ಸಾಕಿತ್ತು. ಬೆಟ್ಟದ ಸೈಕಲಿನ, ಅಂದರೆ ಎಂಟಿಬಿಯ, 29 ಇಂಚಿನ ರಿಮ್‌ಗೂ ರಸ್ತೆ ಸೈಕಲಿನ ರಿಮ್‌ಗೂ ಟೈರು ಕೂರುವ ವ್ಯಾಸ ಒಂದೇ, 622 ಮಿಲಿಮೀಟರ್. ಜಾಣ ಸವಾರರು ಇದರ ಲಾಭ ಪಡೆದರು. ಕಾಂಟಿನೆಂಟಲ್‌ನ ರೇಸ್ ಕಿಂಗ್, ಶ್ವಾಲ್ಬೆಯ ಥಂಡರ್ ಬರ್ಟ್ ಮುಂತಾದ ಬೆಟ್ಟದ ರೇಸಿನ ಟೈರುಗಳನ್ನು ತಂದು ಗ್ರಾವೆಲ್ ಸೈಕಲಿಗೆ ತೊಡಿಸಿದರು. ಇವುಗಳ ಅಗಲ ಎರಡು ಇಂಚಿಗೂ ಹೆಚ್ಚು. ಮೈ ತೆಳು, ಉಬ್ಬು ಗಿಡ್ಡ. ಸವಾರ ಹಾಗೂ ತರಬೇತುದಾರ ಡಿಲನ್ ಜಾನ್ಸನ್ ಇದನ್ನು ಹಟ ಹಿಡಿದು ಪ್ರಚಾರ ಮಾಡಿದವರಲ್ಲಿ ಒಬ್ಬರು. ಈಗ ತಯಾರಕರೇ ಹೊಸ ಚೌಕಟ್ಟುಗಳಲ್ಲಿ 50 ಮಿಲಿಮೀಟರ್ ಮತ್ತು ಅದಕ್ಕೂ ಹೆಚ್ಚಿನ ಜಾಗ ಬಿಡುತ್ತಿದ್ದಾರೆ.

ಹಾಗೆಂದು ಎಲ್ಲ ಕಡೆಗೂ ಇದೇ ಮಂತ್ರವಲ್ಲ. 2022ರ ಮೊದಲ ಗ್ರಾವೆಲ್ ವಿಶ್ವ ಚಾಂಪಿಯನ್‌ಶಿಪ್ ನಡೆದದ್ದು ಇಟಲಿಯ ವೆನೆಟೊದಲ್ಲಿ, ವಿಚೆಂಜಾದಿಂದ ಚಿತ್ತಾದೆಲ್ಲಾವರೆಗೆ. ಹೆಚ್ಚಿನ ದಾರಿ ಸಮತಟ್ಟು, ನೆಲ ನಯ. ಅಲ್ಲಿ ಕಲ್ಲಿಗಿಂತ ಗಾಳಿಯ ಎದುರೇಟು ದೊಡ್ಡದು. ಟೈರು ರಿಮ್‌ಗಿಂತ ಬಹಳ ಉಬ್ಬಿಕೊಂಡಿದ್ದರೆ ಗಾಳಿ ನಯವಾಗಿ ಹರಿಯುವುದಿಲ್ಲ. ಆದರೆ ಅನ್‌ಬೌಂಡ್‌ನಲ್ಲೂ ವೇಗ ಕಡಿಮೆಯೇನಲ್ಲ. 2025ರಲ್ಲಿ ನ್ಯೂಜಿಲೆಂಡಿನ ಕ್ಯಾಮರಾನ್ ಜೋನ್ಸ್ ಇನ್ನೂರು ಮೈಲಿಯನ್ನು ಎಂಟೂಮುಕ್ಕಾಲು ಗಂಟೆಯೊಳಗೇ ಮುಗಿಸಿದರು. ಅಷ್ಟು ವೇಗದಲ್ಲೂ ಅಗಲವೇ ಲಾಭ ಎಂಬ ಕಡೆಗೆ ಒಲವು ವಾಲುತ್ತಿದ್ದರೆ ಅದಕ್ಕೆ ಆ ಕಲ್ಲೇ ಕಾರಣ.

ಚೌಕಟ್ಟಿನಲ್ಲಿ ಜಾಗವಿದೆಯೆಂದು ಕೊನೆಯ ಮಿಲಿಮೀಟರ್‌ವರೆಗೂ ತುಂಬಿಸಬೇಡಿ. ಟೈರಿನ ಮೇಲೆ ಬರೆದ ಅಗಲವೇ ಬೇರೆ, ಅಗಲದ ರಿಮ್‌ಗೆ ಕೂರಿಸಿ ಗಾಳಿ ತುಂಬಿದಾಗ ಸಿಗುವ ಅಗಲವೇ ಬೇರೆ. ಕೆಲವು ದಿನದಲ್ಲಿ ಇನ್ನಷ್ಟು ಹಿಗ್ಗುವುದೂ ಉಂಟು. ಟೈರಿಗೂ ಚೌಕಟ್ಟಿಗೂ ನಡುವೆ ಎಲ್ಲ ಕಡೆಯೂ ಆರು ಮಿಲಿಮೀಟರಿನ ಅಲೆನ್ ಕೀ, ಅಂದರೆ ಬೋಲ್ಟು ತಿರುಗಿಸುವ ಆರು ಮೂಲೆಯ ಕಡ್ಡಿ, ತೂರಿ ಹೊರಬರಬೇಕು. 2023ರ ಅನ್‌ಬೌಂಡ್‌ನಲ್ಲಿ ರೇಸು ಶುರುವಾಗಿ ಹೆಚ್ಚು ದೂರ ಹೋಗುವ ಮೊದಲೇ ಕೆಸರು ಸಿಕ್ಕಿತು. ಮಳೆ ಬಿದ್ದ ಮೇಲೆ ಎರೆಹೊಲಕ್ಕೆ ಕಾಲಿಟ್ಟವರಿಗೆ ಆ ಮಣ್ಣಿನ ಪರಿಚಯವಿದೆ. ಚಕ್ರ ತಿರುಗದೆ ನಿಂತಿತು, ಸವಾರರು ಸೈಕಲನ್ನು ಹೆಗಲಿಗೇರಿಸಿ ನಡೆದರು. ಅಲ್ಲಿನ ಅನುಭವಿಗಳು ಬಣ್ಣ ಕಲಕುವ ಮರದ ಪಟ್ಟಿಯನ್ನು ಜೇಬಿನಲ್ಲಿಟ್ಟುಕೊಳ್ಳುತ್ತಾರೆ, ಕೆಸರು ಕೆರೆದು ತೆಗೆಯಲು. ಇಂಥ ದಿನ ದಪ್ಪ ಉಬ್ಬಿನ ಟೈರೂ ಕಾಪಾಡುವುದಿಲ್ಲ, ಮಣ್ಣನ್ನು ಇನ್ನಷ್ಟು ಹೊತ್ತು ತರುತ್ತದೆ. ಉಬ್ಬುಗಳ ಬಗ್ಗೆ ನಾನು ಇಷ್ಟೇ ಹೇಳುವುದು: ನಡುವೆ ಗಿಡ್ಡಗಿರಲಿ, ತಿರುವಿನಲ್ಲಿ ಕಚ್ಚಿಕೊಳ್ಳಲು ಅಂಚಿನಲ್ಲಿ ಸ್ವಲ್ಪ ಎತ್ತರವಿರಲಿ.

ತೆಳು ಮೈ ಕಲ್ಲಿಗೆ ಹರಿಯುವುದಿಲ್ಲವೇ ಎಂದು ನೀವು ಕೇಳಬಹುದು. ಹರಿಯುತ್ತದೆ. ರಕ್ಷಣೆಯ ಪದರ ಸೇರಿಸಿದರೆ ವೇಗ ತುಸು ಕುಗ್ಗುತ್ತದೆ, ಆದರೆ ಚಕಮಕಿ ಕಲ್ಲಿನ ನಾಡಿನಲ್ಲಿ ಆ ಬೆಲೆ ತೆರಲೇಬೇಕು. ಹತ್ತು ನಿಮಿಷ ರಸ್ತೆಬದಿಯಲ್ಲಿ ಕುಳಿತರೆ ಎಲ್ಲ ಉಳಿತಾಯವೂ ಮುಗಿಯಿತು. ಟ್ಯೂಬಿಲ್ಲದ ಟೈರು, ಒಳಗೆ ತೂತು ಮುಚ್ಚುವ ಲ್ಯಾಟೆಕ್ಸ್ ದ್ರವ, ಜೇಬಿನಲ್ಲಿ ಕಾರಿನ ಪಂಕ್ಚರಿಗೆ ತುರುಕುವಂಥದೇ ರಬ್ಬರ್ ಎಳೆ, ಇವು ಮೂರೂ ಇರಬೇಕು.

ಇನ್ನು ಗಾಳಿಯ ಒತ್ತಡದ ಲೆಕ್ಕ. ಇದನ್ನು ಪಿಎಸ್‌ಐ ಎಂಬ ಮಾನದಲ್ಲಿ ಅಳೆಯುತ್ತಾರೆ. ಎಪ್ಪತ್ತು ಎಪ್ಪತ್ತೈದು ಕಿಲೋದ ಸವಾರನಿಗೆ 40 ಮಿಲಿಮೀಟರ್ ಟೈರಿನಲ್ಲಿ 30ರಿಂದ 35 ಪಿಎಸ್‌ಐ, ಎರಡು ಇಂಚು ದಾಟಿದ್ದರಲ್ಲಿ 20ರ ಆಸುಪಾಸು. ಮುಂದಿನ ಚಕ್ರಕ್ಕೆ ಹಿಂದಿನದಕ್ಕಿಂತ ಒಂದೆರಡು ಕಡಿಮೆ. ಇದು ಆರಂಭದ ಅಂದಾಜು. ರಿಮ್ ಕಲ್ಲಿಗೆ ಬಡಿದ ಸದ್ದು ಕೇಳಿದರೆ ಒಂದೆರಡು ಏರಿಸಿ. 160ರವರೆಗೆ ಗುರುತಿರುವ ಪಂಪಿನ ಮುಳ್ಳು 20ರ ಹತ್ತಿರ ಏನನ್ನೂ ಸರಿಯಾಗಿ ಹೇಳುವುದಿಲ್ಲ. ಬೇರೆ ಡಿಜಿಟಲ್ ಮಾಪಕ ಇಟ್ಟುಕೊಳ್ಳಿ. ಬೆಳಗಿನ ತಂಪಿನಲ್ಲಿ ತುಂಬಿದ 20 ಪಿಎಸ್‌ಐ, ಮಧ್ಯಾಹ್ನಕ್ಕೆ ಟೈರು ಹದಿನೈದು ಡಿಗ್ರಿ ಬಿಸಿಯಾದರೆ 22ರ ಸಮೀಪಕ್ಕೆ ಏರುತ್ತದೆ ಎಂಬುದೂ ನೆನಪಿರಲಿ.

ನಮ್ಮಲ್ಲಿ ಕಾಲುವೆ ದಂಡೆಯ ಮೇಲೆ, ತೋಟದ ದಾರಿಗಳಲ್ಲಿ ಸೈಕಲ್ ಓಡಿಸುವವರು ಇದಕ್ಕಾಗಿ ಹೊಸ ಸೈಕಲ್ ಕೊಳ್ಳಬೇಕಿಲ್ಲ. ಮನೆಯಲ್ಲಿರುವ ಎಂಟಿಬಿಯ ಭಾರದ, ದಪ್ಪ ಉಬ್ಬಿನ ಟೈರನ್ನು ತೆಗೆದು, ಅದೇ ವ್ಯಾಸದ ತೆಳು ಮೈಯ ರೇಸಿನ ಟೈರನ್ನು ಹಾಕಿದರೆ ಸಾಕು. ನಮ್ಮ ದಾರಿಗಳ ಶತ್ರು ಚಕಮಕಿಯಲ್ಲ, ಜಾಲಿ ಮುಳ್ಳು. ಮುಳ್ಳಿನ ತೂತು ಸಣ್ಣದು, ಲ್ಯಾಟೆಕ್ಸ್ ದ್ರವವೇ ಅದನ್ನು ಮುಚ್ಚುತ್ತದೆ. ಆದರೆ ನಮ್ಮ ಬಿಸಿಲಿಗೆ ಆ ದ್ರವ ಬೇಗ ಒಣಗುತ್ತದೆ. ಬೇಸಿಗೆಯಲ್ಲಿ ತಿಂಗಳಿಗೊಮ್ಮೆಯಾದರೂ ಚಕ್ರವನ್ನು ಕಿವಿಯ ಬಳಿ ಅಲ್ಲಾಡಿಸಿ, ಒಳಗೆ ದ್ರವದ ಸದ್ದು ಬರದಿದ್ದರೆ ಮತ್ತೆ ತುಂಬಿಸಿ.

ನಮಸ್ಕಾರ.